ಮೀನುಮರಿಯ ಚೀಲದಲ್ಲೇ ಬರುವ ವೈರಸ್

ಚೀಲದಲ್ಲಿ ತಂದ ಮೀನುಮರಿಗಳನ್ನು ತೊಟ್ಟಿಗೆ ಬಿಟ್ಟ ಮೊದಲ ಎರಡು ವಾರ ಎಲ್ಲವೂ ಸರಿಯಾಗಿಯೇ ಇರುತ್ತದೆ. ಮೇವು ಚೆಲ್ಲಿದ ಕೂಡಲೇ ತಿಲಾಪಿಯಾ ಮರಿಗಳು ಮುಗಿಬಿದ್ದು ತಿನ್ನುತ್ತವೆ. ಆಮೇಲೆ ಒಂದು ದಿನ, ಬೆಳಿಗ್ಗೆ ಹಾಕಿದ ಮೇವು ಮಧ್ಯಾಹ್ನವಾದರೂ ತೇಲುತ್ತಿರುತ್ತದೆ. ಕೆಲವು ಮರಿಗಳ ಮೈ ಕಪ್ಪಿಟ್ಟಿರುತ್ತದೆ. ಇನ್ನು ಕೆಲವು ಗುಂಪು ಬಿಟ್ಟು ತೊಟ್ಟಿಯ ಅಂಚಿಗೆ ಬಂದು ಸುಮ್ಮನೆ ನಿಂತಿರುತ್ತವೆ, ಕೈ ಚಾಚಿದರೂ ಓಡುವುದಿಲ್ಲ. ಒಂದನ್ನು ಬೊಗಸೆಯಲ್ಲಿ ಹಿಡಿದು ನೋಡಿದರೆ ಕಣ್ಣು ಊದಿರುತ್ತದೆ, ಇಲ್ಲವೇ ಪೊರೆ ಬಂದಂತೆ ಮಂಜಾಗಿರುತ್ತದೆ. ಮರುದಿನದಿಂದ ಸಾವು ಶುರುವಾಗುತ್ತದೆ. ಥಾಯ್ಲೆಂಡಿನಲ್ಲಿ ಇದಕ್ಕೆ ತಿಲಾಪಿಯಾದ ‘ಒಂದು ತಿಂಗಳ ಸಾವು’ ಎಂಬ ಹೆಸರೇ ಬಿದ್ದಿತ್ತು. ಮರಿ ಬಿಟ್ಟ ತಿಂಗಳೊಳಗೆ ಶೇ 20ರಿಂದ ಶೇ 90ರವರೆಗೂ ಮರಿಗಳು ಸತ್ತ ವರದಿಗಳು ಅಲ್ಲಿಂದ ಬಂದವು.

ಇಂಥ ಹೊತ್ತಿನಲ್ಲಿ ಕೃಷಿಕನ ಸಂಶಯ ಮೊದಲು ಹೋಗುವುದು ನೀರಿನ ಮೇಲೆ. ಅಮೋನಿಯಾ ಹೆಚ್ಚಾಯಿತೇ, ರಾತ್ರಿ ಕರೆಂಟು ಹೋಗಿ ಗಾಳಿ ಯಂತ್ರ ನಿಂತಿತ್ತೇ, ಮೇವಿನ ಮೂಟೆಗೆ ಬೂಷ್ಟು ಹಿಡಿದಿತ್ತೇ ಎಂದು ಒಂದೊಂದಾಗಿ ಹುಡುಕುತ್ತಾನೆ. ಈ ಸಂಶಯ ತಪ್ಪೇನಲ್ಲ. ಮೀನುಮರಿಗಳ ಸಾವಿಗೆ ಹೆಚ್ಚಿನ ಸಲ ಆಮ್ಲಜನಕದ ಕೊರತೆ, ಕೆಟ್ಟ ನೀರು, ಹೇನು, ಬ್ಯಾಕ್ಟೀರಿಯಾಗಳೇ ಕಾರಣವಾಗಿರುತ್ತವೆ. ಆದರೆ ವೈರಸ್ ಬಂದಾಗ ಈ ಹುಡುಕಾಟದಿಂದ ಏನೂ ಸಿಗುವುದಿಲ್ಲ. ಮೀನಿನ ವೈರಸ್ ರೋಗಕ್ಕೆ ಕೊಳದಲ್ಲಿ ಕೊಡುವಂಥ ಔಷಧಿಯೂ ಇಲ್ಲ. ಅಂಗಡಿಯವನು ಕೊಡುವ ಆಂಟಿಬಯಾಟಿಕ್ ಪುಡಿ ವೈರಸ್ಸನ್ನು ಮುಟ್ಟುವುದಿಲ್ಲ. ಹೆಚ್ಚೆಂದರೆ ನಂತರ ಅಂಟಿಕೊಂಡ ಬ್ಯಾಕ್ಟೀರಿಯಾವನ್ನು ಕೊಂಚ ತಡೆಯಬಹುದು. ದುಡ್ಡು ಹೋಗುತ್ತದೆ, ಮೀನಿನ ಮೈಯಲ್ಲಿ ಔಷಧದ ಅಂಶ ಉಳಿಯುತ್ತದೆ.

ನಮ್ಮ ಮೀನು ಕೃಷಿಯ ಯೋಜನೆಗಳಲ್ಲಿ ಕಡೆಗಣಿಸಲಾಗಿರುವ ಸಂಗತಿ ಇದು: ಮರಿಗಳನ್ನು ಕೊಲ್ಲುವ ಮುಖ್ಯ ವೈರಸ್ಸುಗಳು ಬಹುಪಾಲು ಮರಿಗಳ ಜೊತೆಗೇ ಬರುತ್ತವೆ. ಚೀಲ ಬಿಚ್ಚುವ ಹೊತ್ತಿಗೆ ರೈತನ ಪಾಲಿನ ಆಟ ಅರ್ಧ ಮುಗಿದಿರುತ್ತದೆ. ಹಾಗಿದ್ದೂ ಎಚ್ಚರಿಕೆಯ ಪಾಠವೆಲ್ಲ ರೈತನಿಗೇ ಮೀಸಲು: ಕೊಳಕ್ಕೆ ಸುಣ್ಣ ಹಾಕು, ಹಕ್ಕಿ ಬಾರದಂತೆ ಬಲೆ ಕಟ್ಟು, ಕಾಲು ತೊಳೆದು ಒಳಗೆ ಬಾ. ಇವೆಲ್ಲ ಬೇಕಾದವೇ. ಆದರೆ ಸೋಂಕಿನ ಮರಿ ತಂದು ಬಿಟ್ಟ ಮೇಲೆ ಇದನ್ನೆಲ್ಲ ಮಾಡುವುದು ಕಳ್ಳನನ್ನು ಒಳಗೆ ಬಿಟ್ಟುಕೊಂಡು ಬಾಗಿಲಿಗೆ ಅಗುಳಿ ಹಾಕಿದಂತೆ.

ತಿಲಾಪಿಯಾದ ಈ ರೋಗಕ್ಕೆ ಕಾರಣ ತಿಲಾಪಿಯಾ ಲೇಕ್ ವೈರಸ್. ಹೆಸರಿನಲ್ಲಿರುವ ಸರೋವರ ಇಸ್ರೇಲಿನ ಕಿನ್ನೆರೆತ್, ಬೈಬಲ್ ಓದಿದವರಿಗೆ ಗಲಿಲಿ ಸಮುದ್ರ. ಅಲ್ಲಿ 2005ರಲ್ಲಿ 316 ಟನ್ ಸಿಕ್ಕಿದ್ದ ಒಂದು ಜಾತಿಯ ತಿಲಾಪಿಯಾ 2009ರಲ್ಲಿ ಕೇವಲ 8 ಟನ್ನಿಗೆ ಇಳಿಯಿತು. ಆ ಕುಸಿತಕ್ಕೆಲ್ಲ ವೈರಸ್ ಒಂದೇ ಕಾರಣ ಎನ್ನುವುದು ಆತುರದ ಮಾತಾಗುತ್ತದೆ. ಆದರೆ ಹುಡುಕಾಟ ಅಲ್ಲಿಂದ ಶುರುವಾಗಿ 2014ರಲ್ಲಿ ಹೊಸ ವೈರಸ್ಸೊಂದರ ಪತ್ತೆಯೊಂದಿಗೆ ಒಂದು ಹಂತಕ್ಕೆ ಬಂತು. ಇದರ ತಳಿವಸ್ತು ಹತ್ತು ಆರ್‌ಎನ್‌ಎ ತುಂಡುಗಳಲ್ಲಿದೆ. ಅವುಗಳಲ್ಲಿ ಒಂದು ಮಾತ್ರ ಇನ್‌ಫ್ಲುಯೆಂಜಾ ವೈರಸ್ಸನ್ನು ಅಲ್ಪಸ್ವಲ್ಪ ಹೋಲುತ್ತದೆ, ಉಳಿದ ಒಂಬತ್ತು ಯಾವುದನ್ನೂ ಹೋಲುವುದಿಲ್ಲ. ಈಕ್ವೆಡಾರಿನಲ್ಲಿ ಯಕೃತ್ತಿನ ಕಾಯಿಲೆ ಎಂದು ದಾಖಲಾಗಿದ್ದ ತಿಲಾಪಿಯಾ ಸಾವಿನ ಹಿಂದೆಯೂ ಇದೇ ಇತ್ತು ಎಂದು ನಂತರ ಗೊತ್ತಾಯಿತು. 2017ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ವಿಶೇಷ ಎಚ್ಚರಿಕೆ ಹೊರಡಿಸಿತು.

ಥಾಯ್ಲೆಂಡಿನ ಸಂಶೋಧಕರು ಮಾಡಿದ ಒಂದು ಕೆಲಸ ನನಗೆ ಈ ಇಡೀ ಕಥೆಯಲ್ಲೇ ಮುಖ್ಯವಾದದ್ದು ಅನ್ನಿಸುತ್ತದೆ. ಮರಿ ಉತ್ಪಾದನಾ ಕೇಂದ್ರಗಳಿಂದ, ಅಂದರೆ ಹ್ಯಾಚರಿಗಳಿಂದ, 2012ರಿಂದ 2017ರವರೆಗೆ ಸಂಗ್ರಹಿಸಿ ಇಟ್ಟಿದ್ದ ಹಳೆಯ ಮಾದರಿಗಳನ್ನು ಅವರು ಮತ್ತೆ ಹೊರತೆಗೆದು ಪರೀಕ್ಷಿಸಿದರು. ಫಲಿತ ಮೊಟ್ಟೆ, ಎಳೆಮರಿ, ಬೆರಳುದ್ದದ ಮರಿ, ಎಲ್ಲ ಹಂತಗಳಲ್ಲೂ ವೈರಸ್ಸಿನ ಗುರುತು ಸಿಕ್ಕಿತು. ಅಂದರೆ ರೋಗಕ್ಕೆ ಹೆಸರಿಡುವ ಮೊದಲೇ ಅದು ಹ್ಯಾಚರಿಗಳೊಳಗೆ ಇತ್ತು, ಮರಿಗಳು ಮಾರಾಟವಾಗುತ್ತಲೂ ಇದ್ದವು. ಆ ವ್ಯಾಪಾರದ ಜಾಡು ಹಿಡಿದು 40ಕ್ಕೂ ಹೆಚ್ಚು ದೇಶಗಳಿಗೆ ಸೋಂಕು ತಲುಪಿರುವ ಅಪಾಯವಿದೆ ಎಂದು ಅವರು ಎಚ್ಚರಿಸಿದರು. ಭಾರತದಲ್ಲಿ ಪಶ್ಚಿಮ ಬಂಗಾಳ ಮತ್ತು ಕೇರಳದ ತಿಲಾಪಿಯಾ ಸಾವುಗಳ ಹಿಂದೆ ಇದೇ ವೈರಸ್ ಇರುವುದು 2018ರಲ್ಲಿ ಪ್ರಕಟವಾಯಿತು. ಹಳೇ ಮೈಸೂರಿನ ಕಡೆ ಜಿಲೇಬಿ ಎಂದು ಕರೆಯುವ, ಯಾವ ಕೊಳಕು ಕೆರೆಯಲ್ಲೂ ಬದುಕುತ್ತದೆ ಎಂದು ನಾವು ಹಗುರವಾಗಿ ನೋಡುತ್ತ ಬಂದ ಮೀನು ಇದು. ಅದಕ್ಕೆ ರೋಗವೇ ಬರುವುದಿಲ್ಲ ಎಂಬ ಮಾತನ್ನು ಈಗಲೂ ಮರಿ ಮಾರುವವರ ಬಾಯಲ್ಲಿ ಕೇಳಬಹುದು.

ಈ ವೈರಸ್ಸುಗಳು ಮರಿಗಳನ್ನೇ ಏಕೆ ಹಿಡಿಯುತ್ತವೆ? ದೊಡ್ಡ ಮೀನಿಗೂ ಸೋಂಕು ತಗಲುತ್ತದೆ, ಆದರೆ ಅದು ಹೆಚ್ಚಾಗಿ ತಾಳಿಕೊಳ್ಳುತ್ತದೆ. ಮರಿಯ ಮೈಯಲ್ಲಿ ತಾಳಿಕೊಳ್ಳುವ ವ್ಯವಸ್ಥೆಯೇ ಇನ್ನೂ ಸಿದ್ಧವಾಗಿರುವುದಿಲ್ಲ. ಮೊಟ್ಟೆಯೊಡೆದು ಹೊರಬರುವ ಲಾರ್ವಾ ನೋಡುವುದಕ್ಕೆ ಒಂದು ಗೀರಿನಷ್ಟಿರುತ್ತದೆ; ಅದರ ಬಾಯಿ ತೆರೆದಿರುವುದಿಲ್ಲ, ಕರುಳು ಪೂರ್ತಿ ಬೆಳೆದಿರುವುದಿಲ್ಲ. ಹೊಸ ರೋಗಾಣುವನ್ನು ಗುರುತಿಸಿ ಅದಕ್ಕೆ ತಕ್ಕ ಪ್ರತಿಕಾಯ ತಯಾರಿಸುವ ಶಕ್ತಿ ಬರಲು ವಾರಗಳೇ ಬೇಕು. ತಾಯಿಯ ಹಾಲು ಎಂಬುದು ಮೀನಿಗಿಲ್ಲ. ಮೊಟ್ಟೆಯ ಹಳದಿಯ ಜೊತೆ ತಾಯಿ ಕಟ್ಟಿಕೊಟ್ಟ ಒಂದಿಷ್ಟು ರಕ್ಷಣೆಯೇ ಆರಂಭದ ಬಂಡವಾಳ, ಅದೂ ಬೇಗ ಕರಗುತ್ತದೆ. ಇದರ ಮೇಲೆ ಸಾಂದ್ರತೆ ಬೇರೆ. ಹೊಳೆಯಲ್ಲಿ ಹುಟ್ಟಿದ್ದರೆ ಮೈಲುಗಟ್ಟಲೆ ಚದುರಿಹೋಗುತ್ತಿದ್ದ ಮರಿಗಳು ಹ್ಯಾಚರಿಯಲ್ಲಿ ಒಂದೇ ತೊಟ್ಟಿಯಲ್ಲಿ, ಒಂದರ ಕಿವಿರಿನಿಂದ ಹೊರಬಿದ್ದ ನೀರನ್ನು ಇನ್ನೊಂದು ಎಳೆದುಕೊಳ್ಳುವಷ್ಟು ಒತ್ತೊತ್ತಾಗಿ ಬೆಳೆಯುತ್ತವೆ. ವೈರಸ್ಸಿಗೆ ಇದಕ್ಕಿಂತ ಅನುಕೂಲದ ಜಾಗ ಇನ್ನೊಂದಿಲ್ಲ.

ಇದನ್ನು ಅರ್ಥಮಾಡಿಕೊಳ್ಳಲು ತಿಲಾಪಿಯಾಕ್ಕಿಂತ ಒಳ್ಳೆಯ ಉದಾಹರಣೆ ಕರಾವಳಿಯ ಸೀಬಾಸ್. ಗೋವಾ ಮತ್ತು ಕಾರವಾರದ ಕೊಂಕಣಿ ಮಾತಿನಲ್ಲಿ ಚೊಣಕ್, ಕೇರಳದಲ್ಲಿ ಕಾಳಾಂಜಿ, ಬಂಗಾಳದಲ್ಲಿ ಭೇಟ್ಕಿ. ಸಿಹಿನೀರು, ಚೌಳುನೀರು, ಸಮುದ್ರ ಮೂರರಲ್ಲೂ ಬದುಕುವ, ಒಳ್ಳೆಯ ಬೆಲೆ ಬರುವ ಮೀನು. ಉಡುಪಿ ಜಿಲ್ಲೆಯ ಉಪ್ಪುಂದದ ಹಿನ್ನೀರಿನಲ್ಲಿ ಮೀನುಗಾರ ಕುಟುಂಬಗಳು ಪಂಜರ ಕಟ್ಟಿ ಬೆಳೆಸುತ್ತಿರುವುದು ಇದನ್ನೇ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕಾರವಾರದ ಕಡಲಲ್ಲಿ ಪಂಜರ ಇಳಿಬಿಟ್ಟು ತೋರಿಸಿದ್ದರಲ್ಲೂ ಇದೇ ಮೀನು ಇತ್ತು. ಮರಿ ಮಾತ್ರ ಹೆಚ್ಚಾಗಿ ಪೂರ್ವ ಕರಾವಳಿಯಿಂದ ಬರಬೇಕು. ಚೆನ್ನೈನ ಕೇಂದ್ರೀಯ ಚೌಳುನೀರು ಜಲಕೃಷಿ ಸಂಸ್ಥೆ, ಅಂದರೆ ಸಿಬಾ, 1997ರಲ್ಲಿ ದೇಶದಲ್ಲಿ ಮೊದಲ ಬಾರಿಗೆ ಹ್ಯಾಚರಿಯಲ್ಲಿ ಸೀಬಾಸ್ ಮರಿ ಮಾಡಿತು. ಸಮುದ್ರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದ ಅಂಗವಾದ ರಾಜೀವ್ ಗಾಂಧಿ ಜಲಕೃಷಿ ಕೇಂದ್ರದ ಹ್ಯಾಚರಿ ಇರುವುದು ತಮಿಳುನಾಡಿನ ಸೀರ್ಕಾಳಿ ಹತ್ತಿರದ ತೊಡುವಾಯ್‌ನಲ್ಲಿ.

ಈ ಮೀನಿನ ಲಾರ್ವಾಗಳನ್ನು ಹಿಡಿಯುವ ರೋಗದ ಹೆಸರು ವೈರಲ್ ನರ್ವಸ್ ನೆಕ್ರೋಸಿಸ್, ಬಾಯಿಮಾತಿನಲ್ಲಿ ವಿಎನ್‌ಎನ್. ಬೀಟಾನೋಡಾವೈರಸ್ ಎಂಬ, ಮೀನಿನ ವೈರಸ್ಸುಗಳಲ್ಲೇ ತೀರಾ ಚಿಕ್ಕದಾದ ಒಂದು ವೈರಸ್ ಇದಕ್ಕೆ ಕಾರಣ. ಅದರ ಅಡ್ಡಳತೆ ಸುಮಾರು 25ರಿಂದ 30 ನ್ಯಾನೋಮೀಟರ್. ಇಷ್ಟು ಸಣ್ಣದಾದರೂ ಅದು ಹೋಗಿ ಕೂರುವುದು ಮಿದುಳಿನಲ್ಲಿ ಮತ್ತು ಕಣ್ಣಿನ ಅಕ್ಷಿಪಟಲದಲ್ಲಿ. ಲಾರ್ವಾದಲ್ಲಿ ಈ ಎರಡೂ ಅಂಗಗಳ ಜೀವಕೋಶಗಳು ಬಿರುಸಿನಿಂದ ವಿಭಜನೆಯಾಗುತ್ತಿರುತ್ತವೆ, ವೈರಸ್ಸಿಗೆ ಬೇಕಾದದ್ದೂ ಅದೇ. ಸೂಕ್ಷ್ಮದರ್ಶಕದಲ್ಲಿ ಮಿದುಳಿನ ಸೀಳನ್ನು ನೋಡಿದರೆ ನರಕೋಶಗಳಿರಬೇಕಾದಲ್ಲಿ ಗುಂಡನೆಯ ಖಾಲಿ ರಂಧ್ರಗಳು ಕಾಣುತ್ತವೆ.

ತೊಟ್ಟಿಯ ಪಕ್ಕ ನಿಂತವರಿಗೆ ಕಾಣುವುದು ಬೇರೆ ಚಿತ್ರ. ಗುಂಪಾಗಿ ಒಂದೇ ದಿಕ್ಕಿಗೆ ಈಜುತ್ತಿದ್ದ ಲಾರ್ವಾಗಳಲ್ಲಿ ಒಂದೆರಡು ಇದ್ದಕ್ಕಿದ್ದಂತೆ ತಿರುಪಿನ ಹಾಗೆ ಸುತ್ತುತ್ತ ಮೇಲೇಳುತ್ತವೆ. ಸ್ವಲ್ಪ ಹೊತ್ತು ಸುತ್ತಿ, ಹೊಟ್ಟೆ ಮೇಲಾಗಿ ತೇಲಿ, ಮತ್ತೆ ಒಂದು ಬಾರಿ ಕೊಸರಿ ತಳಕ್ಕೆ ಬೀಳುತ್ತವೆ. ಗಾಳಿಚೀಲ ಉಬ್ಬಿ ಕೆಲವು ಮುಳುಗಲಾಗದೆ ಮೇಲ್ಮೈಯಲ್ಲೇ ಸಿಕ್ಕಿಕೊಳ್ಳುತ್ತವೆ. ಜೀವಂತ ಮೇವಾಗಿ ಬಿಟ್ಟ ಆರ್ಟಿಮಿಯಾ ಎಂಬ ಪುಟ್ಟ ಜಲಜೀವಿ ಎದುರಿಗೇ ಓಡಾಡುತ್ತಿದ್ದರೂ ಬಾಯಿ ಹಾಕುವುದಿಲ್ಲ, ಏಕೆಂದರೆ ಅವಕ್ಕೆ ಕಾಣಿಸುತ್ತಿರುವುದಿಲ್ಲ. ಮೊದಲ ದಿನ ಒಂದೆರಡು, ನಂತರ ನೂರು, ಆಮೇಲೆ ಎಣಿಸುವುದೇ ಬೇಡ. ಕೆಲವೇ ದಿನಗಳಲ್ಲಿ ಇಡೀ ತೊಟ್ಟಿ ಖಾಲಿಯಾದ ದಾಖಲೆಗಳು ಹಲವು ದೇಶಗಳಲ್ಲಿವೆ. ಭಾರತದ ಹ್ಯಾಚರಿಯೊಂದರ ಸೀಬಾಸ್ ಲಾರ್ವಾಗಳಲ್ಲಿ ಈ ರೋಗ ಇರುವುದನ್ನು ಸಿಬಾ ವಿಜ್ಞಾನಿಗಳು 2005ರಲ್ಲಿ ವರದಿ ಮಾಡಿದರು. ದೇಶದ ಮಟ್ಟಿಗೆ ಅದೇ ಮೊದಲ ವರದಿ.

ಲಾರ್ವಾಕ್ಕೆ ಇದು ಬಂದದ್ದೆಲ್ಲಿಂದ? ಒಂದು ದಾರಿ ನೀರು. ಇನ್ನೊಂದು ಮೇವು. ತಾಯಿ ಮೀನುಗಳಿಗೆ ಹ್ಯಾಚರಿಗಳಲ್ಲಿ ಬೂತಾಯಿ, ಬೊಂಡಾಸ್‌ನಂಥ ಹಸಿ ಮೇವು ಹಾಕುವ ವಾಡಿಕೆಯಿದೆ. ಈ ಗುಂಪಿನ ವೈರಸ್ಸುಗಳು ನೂರಕ್ಕೂ ಹೆಚ್ಚು ಜಾತಿಯ ಮೀನುಗಳಲ್ಲಿ ಪತ್ತೆಯಾಗಿವೆ, ಅನೇಕವು ಯಾವ ಲಕ್ಷಣವನ್ನೂ ತೋರಿಸದೆ ಹೊತ್ತು ತಿರುಗುತ್ತವೆ. ಮಂಜುಗಡ್ಡೆಯಲ್ಲಿ ಇಟ್ಟ ಮಾತ್ರಕ್ಕೆ ವೈರಸ್ ಸಾಯುವುದಿಲ್ಲ. ಆದರೆ ಎಲ್ಲಕ್ಕಿಂತ ತೊಡಕಿನ ದಾರಿ ಮೂರನೆಯದು: ತಾಯಿ ಮೀನಿನ ಅಂಡಾಶಯದಿಂದ ನೇರವಾಗಿ ಮೊಟ್ಟೆಗೆ. ಆರೋಗ್ಯವಾಗಿ ಕಾಣುವ, ಚೆನ್ನಾಗಿ ತಿನ್ನುವ, ಲಕ್ಷಗಟ್ಟಲೆ ಮೊಟ್ಟೆಯಿಡುವ ತಾಯಿಯೇ ಸೋಂಕಿನ ಮೂಲವಾಗಿರಬಹುದು.

ಇಲ್ಲಿ ಸೀಬಾಸ್‌ನ ಒಂದು ವಿಚಿತ್ರ ಗುಣ ಲೆಕ್ಕಕ್ಕೆ ಬರುತ್ತದೆ. ಈ ಮೀನು ಮೊದಲು ಗಂಡಾಗಿ ಬಲಿಯುತ್ತದೆ, ವರ್ಷಗಳ ನಂತರ ಮೈ ತುಂಬಿದ ಮೇಲೆ ಹೆಣ್ಣಾಗುತ್ತದೆ. ಹಾಗಾಗಿ ಮೊಟ್ಟೆಯಿಡುವ ಒಂದು ತಾಯಿ ಮೀನೆಂದರೆ ಹಲವು ವರ್ಷ ಸಾಕಿದ ಬಂಡವಾಳ. ಪರೀಕ್ಷೆಯಲ್ಲಿ ಅದಕ್ಕೆ ಸೋಂಕಿದೆ ಎಂದು ಬಂದರೆ ತೆಗೆದುಹಾಕಬೇಕು. ನಾಳೆ ಬೆಳಿಗ್ಗೆ ಹೋಗಿ ಇನ್ನೊಂದನ್ನು ಕೊಂಡುತರುವ ಹಾಗಿಲ್ಲ. ಹ್ಯಾಚರಿ ನಡೆಸುವವನಿಗೆ ಪರೀಕ್ಷೆ ಮಾಡಿಸುವುದಕ್ಕಿಂತ ಮಾಡಿಸದಿರುವುದೇ ಲಾಭ ಎನ್ನುವ ಸ್ಥಿತಿ ಇದು. ಅವನನ್ನು ಬೈದು ಫಲವಿಲ್ಲ. ಲೆಕ್ಕವೇ ಹಾಗಿದೆ.

ಜಪಾನಿನವರು ಈ ಲೆಕ್ಕವನ್ನು ಎದುರಿಸಿದ್ದು 1990ರ ದಶಕದ ಆರಂಭದಲ್ಲಿ. ಸ್ಟ್ರೈಪ್ಡ್ ಜ್ಯಾಕ್ ಎಂಬ ಮೀನಿನ ಲಾರ್ವಾಗಳು ಇದೇ ರೋಗದಿಂದ ಸಾಯುತ್ತಿದ್ದವು. 1994ರ ಹೊತ್ತಿಗೆ ವೈರಸ್ ಪತ್ತೆಗೆ ಪಿಸಿಆರ್ ಪರೀಕ್ಷೆ ಕೈಗೆ ಬಂದಿತ್ತು. ಮೊಟ್ಟೆಯಿಡುವ ಮೊದಲೇ ತಾಯಿ ಮೀನುಗಳನ್ನು ಪರೀಕ್ಷಿಸಿ, ಸೋಂಕಿದ್ದವನ್ನು ಬೇರೆ ಮಾಡಿ, ಉಳಿದವುಗಳ ಮೊಟ್ಟೆಯನ್ನಷ್ಟೇ ಮರಿ ಮಾಡಲು ಬಳಸಿದರು. ಓಝೋನ್ ಹಾಯಿಸಿದ ನೀರಿನಲ್ಲಿ ಮೊಟ್ಟೆ ತೊಳೆಯುವುದು, ಒಂದೇ ತಾಯಿಯನ್ನು ಪದೇ ಪದೇ ಮೊಟ್ಟೆಗೆ ಒತ್ತಾಯಿಸದಿರುವುದು, ತೊಟ್ಟಿಯಿಂದ ತೊಟ್ಟಿಗೆ ಬಲೆ ಬಕೆಟ್ಟು ಬದಲಿಸದಿರುವುದು ಇವೆಲ್ಲ ಜೊತೆಗೆ ಸೇರಿದವು. ಔಷಧಿಯಿಲ್ಲದೆ ರೋಗ ಹತೋಟಿಗೆ ಬಂತು. ಮೂವತ್ತು ವರ್ಷದ ಹಿಂದಿನ ಈ ವಿಧಾನದಲ್ಲಿ ನಮಗೆ ನಿಲುಕದ ತಂತ್ರಜ್ಞಾನ ಒಂದೂ ಇಲ್ಲ.

ಲಸಿಕೆ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಸಿಬಾ ಸ್ವಂತವಾಗಿ ಅಭಿವೃದ್ಧಿಪಡಿಸಿದ ನೋಡಾವ್ಯಾಕ್-ಆರ್ ಎಂಬ ಲಸಿಕೆ ವಿಎನ್‌ಎನ್ ತಡೆಗೆಂದೇ ಬಂದಿದೆ. ಮೆಡಿಟರೇನಿಯನ್ ತೀರದ ಯುರೋಪಿಯನ್ ಸೀಬಾಸ್‌ಗೂ ಇಂಥ ಲಸಿಕೆಗಳಿವೆ. ಸುದ್ದಿ ಓದಿದವರು ಸಮಸ್ಯೆ ಮುಗಿಯಿತು ಎಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಇವು ಚುಚ್ಚುಮದ್ದುಗಳು. ಹದಿನೈದು ದಿನದ, ಉಗುರಿಗಿಂತ ಚಿಕ್ಕ ಲಾರ್ವಾಕ್ಕೆ ಸೂಜಿ ಎಲ್ಲಿ ಚುಚ್ಚುವುದು? ಚುಚ್ಚಿದರೂ ಲಸಿಕೆಗೆ ಪ್ರತಿಕ್ರಿಯಿಸುವ ರೋಗನಿರೋಧಕ ವ್ಯವಸ್ಥೆ ಅದರಲ್ಲಿ ಇನ್ನೂ ಬೆಳೆದಿರುವುದಿಲ್ಲ. ಆದ್ದರಿಂದ ಲಸಿಕೆಯ ನಿಜವಾದ ಉಪಯೋಗ ಎರಡು ಕಡೆ: ತಾಯಿ ಮೀನಿಗೆ ಕೊಟ್ಟು ಮೊಟ್ಟೆಗೆ ವೈರಸ್ ದಾಟುವುದನ್ನು ತಗ್ಗಿಸುವುದು, ಮತ್ತು ಚುಚ್ಚುವಷ್ಟು ಬೆಳೆದ ಮರಿಗಳನ್ನು ಪಂಜರಕ್ಕೆ ಬಿಡುವ ಮೊದಲು ಕಾಪಾಡುವುದು. ಅತಿ ಹೆಚ್ಚು ಸಾವು ಆಗುವ ನಡುವಿನ ವಾರಗಳಲ್ಲಿ ಹ್ಯಾಚರಿಯ ಶಿಸ್ತು ಬಿಟ್ಟರೆ ಬೇರೆ ರಕ್ಷಣೆಯಿಲ್ಲ. ಲಸಿಕೆ ಬಂದದ್ದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಅದನ್ನು ತಾಯಿ ಮೀನಿನ ಪರೀಕ್ಷೆಗೆ ಬದಲಿ ಎಂದು ಮಾರಿದರೆ ಮಾತ್ರ ಮೋಸ.

ನಾರ್ವೆ ಇನ್ನೊಂದು ದಾರಿ ತೋರಿಸಿದೆ. ಅಲ್ಲಿನ ಸಾಲ್ಮನ್ ಮರಿಗಳನ್ನು ಮೇವು ತಿನ್ನಲು ಶುರುಮಾಡುವ ಹಂತದಲ್ಲಿ ಮತ್ತು ಸಿಹಿನೀರಿನಿಂದ ಕಡಲಿಗೆ ಬಿಟ್ಟ ಹೊಸತರಲ್ಲಿ ಐಪಿಎನ್ ಎಂಬ ವೈರಸ್ ರೋಗ ಕೊಲ್ಲುತ್ತಿತ್ತು. ಯಾವ ಮೀನು ಬದುಕುತ್ತದೆ, ಯಾವುದು ಸಾಯುತ್ತದೆ ಎಂಬುದರ ಬಹುಭಾಗವನ್ನು ತಳಿನಕ್ಷೆಯ ಒಂದೇ ಜಾಗ ನಿರ್ಧರಿಸುತ್ತದೆ ಎಂದು ಸ್ಕಾಟ್ಲೆಂಡ್ ಮತ್ತು ನಾರ್ವೆಯ ತಂಡಗಳು 2008–09ರ ಸುಮಾರಿಗೆ ತೋರಿಸಿದವು. ಆ ಗುರುತು ಹಿಡಿದು ನಿರೋಧಕ ತಳಿಯ ಮೊಟ್ಟೆಗಳನ್ನೇ ಮಾರಲು ತಳಿ ಕಂಪನಿಗಳು ತೊಡಗಿದವು. 2009ರಲ್ಲಿ ನಾರ್ವೆಯ 200ಕ್ಕೂ ಹೆಚ್ಚು ಸಾಕಣೆ ಕೇಂದ್ರಗಳಲ್ಲಿ ಕಾಣಿಸಿದ್ದ ಈ ರೋಗ ಮುಂದಿನ ಆರೇಳು ವರ್ಷಗಳಲ್ಲಿ ಕೆಲವೇ ಹತ್ತುಗಳಿಗೆ ಇಳಿಯಿತು. ಎಲ್ಲ ವೈರಸ್ಸಿಗೂ ಹೀಗೆ ಒಂದೇ ಜಾಗದಲ್ಲಿ ಉತ್ತರ ಇರುವುದಿಲ್ಲ, ಅದು ಸಾಲ್ಮನ್‌ನವರ ಅದೃಷ್ಟ. ಆದರೆ ಅದೃಷ್ಟ ಕೈಗೆ ಬಂದದ್ದು ದಶಕಗಳಿಂದ ಯಾವ ಮರಿ ಯಾವ ತಾಯಿಯದು ಎಂದು ಬರೆದಿಟ್ಟಿದ್ದ ದೇಶಕ್ಕೆ. ನಮ್ಮಲ್ಲಿ ಲಾರಿಯಲ್ಲಿ ಬಂದಿಳಿಯುವ ಮರಿಯ ಊರು ಯಾವುದು ಎಂದು ಕೇಳಿದರೆ ಚಾಲಕನಿಗೇ ಗೊತ್ತಿರುವುದಿಲ್ಲ.

ಹಾಗೆಂದು ಭಾರತಕ್ಕೆ ಇದೆಲ್ಲ ಹೊಸದು ಎನ್ನುವಂತಿಲ್ಲ. ಸಿಗಡಿಯ ವಿಷಯದಲ್ಲಿ ನಾವು ಈ ಪಾಠವನ್ನು ಬಹಳ ದುಬಾರಿ ಶುಲ್ಕ ತೆತ್ತು ಕಲಿತಿದ್ದೇವೆ. 1994ರ ನಂತರ ಬಿಳಿಚುಕ್ಕೆ ರೋಗದ ವೈರಸ್ ಆಂಧ್ರ, ತಮಿಳುನಾಡಿನಿಂದ ಕುಮಟಾದ ಗಜನಿಗಳವರೆಗೆ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳು) ಸಿಗಡಿ ಕೃಷಿಯನ್ನು ನೆಲಕಚ್ಚಿಸಿತು. ಪಶ್ಚಿಮ ಕರಾವಳಿಯ ಈ ರೋಗದ ಮೇಲೆ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದಲ್ಲಿ ಇಡ್ಯಾ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ಅವರ ತಂಡ ಮೊದಲ ಹಂತದಲ್ಲೇ ಕೆಲಸ ಮಾಡಿತ್ತು. ಸಿಗಡಿ ಮರಿ ಕೊಳ್ಳುವ ಮೊದಲು ಪಿಸಿಆರ್ ಮಾಡಿಸುವುದು ಕರಾವಳಿಯಲ್ಲಿ ರೂಢಿಯಾದದ್ದು ಆಮೇಲೆ. 2009ರಲ್ಲಿ ವನಾಮಿ ಎಂಬ ವಿದೇಶಿ ಜಾತಿಯ ಸಿಗಡಿಗೆ ಅನುಮತಿ ಸಿಕ್ಕಾಗ, ಹೊರದೇಶದ ತಾಯಿ ಸಿಗಡಿಗಳು ನಿಗದಿತ ರೋಗಗಳಿಂದ ಮುಕ್ತವಾಗಿರಬೇಕು, ಚೆನ್ನೈನ ಜಲಚರ ಕ್ವಾರಂಟೈನ್ ಕೇಂದ್ರದಲ್ಲಿ ಪರೀಕ್ಷೆಯಾಗಿಯೇ ಹ್ಯಾಚರಿಗೆ ಹೋಗಬೇಕು ಎಂದು ನಿಯಮವಾಯಿತು. ಸಿಗಡಿಗೆ ರೋಗಗಳೇ ಇಲ್ಲವಾದವು ಎಂದಲ್ಲ. ಹೊಸ ರೋಗಗಳು ಬಂದವು. ಆದರೆ ‘ಮರಿಗೆ ಪರೀಕ್ಷೆ ಆಗಿದೆಯೇ’ ಎಂಬ ಪ್ರಶ್ನೆ ಸಿಗಡಿ ಕೃಷಿಕನ ಬಾಯಲ್ಲಿ ತಾನಾಗಿ ಬರುತ್ತದೆ. ಮೀನು ಕೃಷಿಕನ ಬಾಯಲ್ಲಿ ಬರುವ ಪ್ರಶ್ನೆ ಸಾವಿರಕ್ಕೆ ಎಷ್ಟು ದರ ಎಂಬುದು.

ಈ ವ್ಯತ್ಯಾಸಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸಿಗಡಿ ರಫ್ತಾಗುತ್ತದೆ, ಡಾಲರ್ ತರುತ್ತದೆ. ಅದರ ಹಿಂದೆ ಒಂದು ಪ್ರಾಧಿಕಾರ, ಒಂದು ಕಾಯ್ದೆ ಇದೆ. 2005ರ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದು ಪಂಜರ ಕೃಷಿಯಂಥವೂ ಅದರ ವ್ಯಾಪ್ತಿಗೆ ಸೇರಿದವು. ಒಳನಾಡಿನ ಕಥೆ ಬೇರೆ. ಅಲ್ಲಿ ಮೀನುಗಾರಿಕೆ ರಾಜ್ಯದ ವಿಷಯ, ಮೀನು ನಮ್ಮದೇ ಸಂತೆಯಲ್ಲಿ ಮಾರಾಟವಾಗುತ್ತದೆ, ಮರಿ ಸತ್ತರೆ ನಷ್ಟ ಒಂದೊಂದು ಮನೆಗೆ ಹಂಚಿಹೋಗುತ್ತದೆ. ಸುದ್ದಿಯಾಗುವುದಿಲ್ಲ.

ಇಷ್ಟು ದಿನ ಇದು ಅಷ್ಟು ಬಾಧಿಸದೇ ಇದ್ದುದಕ್ಕೂ ಕಾರಣವಿದೆ. ಕರ್ನಾಟಕದ ಕೆರೆಗಳಿಗೆ ಬಿಡುವುದು ಹೆಚ್ಚಾಗಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ಭದ್ರಾ ಜಲಾಶಯದ ಬಳಿಯ ಬಿ.ಆರ್. ಪ್ರಾಜೆಕ್ಟಿನಂಥ ಸರ್ಕಾರಿ ಕೇಂದ್ರಗಳಿಂದಲೋ ಖಾಸಗಿಯವರಿಂದಲೋ ಬಂದ ಮರಿಗಳನ್ನು ವಿಶಾಲವಾದ ಕೆರೆಗೆ ವಿರಳವಾಗಿ ಬಿಡುತ್ತಿದ್ದರು. ಇವುಗಳ ಪೈಕಿ ನಮ್ಮ ದೇಸಿ ಗೆಂಡೆಗಳಾದ ಕಾಟ್ಲಾ, ರೋಹು, ಮೃಗಾಲ್‌ಗಳಲ್ಲಿ ದೊಡ್ಡ ವೈರಸ್ ರೋಗಗಳ ವರದಿಯೂ ಕಡಿಮೆ. ಈಗ ಪರಿಸ್ಥಿತಿ ಬದಲಾಗುತ್ತಿದೆ. ಹಿತ್ತಲಿನಲ್ಲಿ ಟಾರ್ಪಾಲಿನ್ ತೊಟ್ಟಿ ಕಟ್ಟಿ, ಮೀನಿನ ತ್ಯಾಜ್ಯವನ್ನು ಸೂಕ್ಷ್ಮಜೀವಿಗಳಿಂದ ಮೇವಾಗಿಸುವ ಬಯೋಫ್ಲಾಕ್ ವಿಧಾನದಲ್ಲಿ ತಿಲಾಪಿಯಾ ಸಾಕುವವರು, ಜಲಾಶಯಗಳಲ್ಲಿ ಪಂಜರ ಇಳಿಸುವವರು ಹೆಚ್ಚಿದ್ದಾರೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ಇದಕ್ಕೆ ಸಾಮಾನ್ಯ ವರ್ಗಕ್ಕೆ ಶೇ 40, ಪರಿಶಿಷ್ಟರು ಮತ್ತು ಮಹಿಳೆಯರಿಗೆ ಶೇ 60 ಸಹಾಯಧನವಿದೆ. ಸಾಂದ್ರತೆ ಹೆಚ್ಚಿತು, ಮರಿಯ ಬೇಡಿಕೆ ಹೆಚ್ಚಿತು, ಮರಿ ಬರುವ ದೂರವೂ ಹೆಚ್ಚಿತು. ವೈರಸ್ಸಿಗೆ ಬೇಕಾದ ಮೂರೂ ಸೇರಿದವು.

ಸರ್ಕಾರದ ಕಡೆಯಿಂದ ಏನೂ ಆಗಿಲ್ಲ ಎಂದರೆ ಅನ್ಯಾಯವಾಗುತ್ತದೆ. ಲಖನೌದ ರಾಷ್ಟ್ರೀಯ ಮೀನು ತಳಿ ಸಂಪನ್ಮೂಲ ಬ್ಯೂರೋದ ನೇತೃತ್ವದಲ್ಲಿ 2013ರಿಂದ ಜಲಚರ ರೋಗಗಳ ರಾಷ್ಟ್ರೀಯ ಕಣ್ಗಾವಲು ಕಾರ್ಯಕ್ರಮ ನಡೆಯುತ್ತಿದೆ. ರೈತರು ಮೊಬೈಲಿನಿಂದಲೇ ರೋಗ ವರದಿ ಮಾಡುವ ಆ್ಯಪ್ 2023ರಲ್ಲಿ ಬಂತು. ಬಂಗಾರದ ಮೀನು, ಕೋಯಿಯಂಥ ಅಲಂಕಾರಿಕ ಮೀನುಗಳಲ್ಲಿ ಇದ್ದ, ಹಿಂದೆ ಇಲ್ಲಿ ದಾಖಲಾಗದ ಕೆಲವು ವೈರಸ್ಸುಗಳು ಬೆಳಕಿಗೆ ಬಂದದ್ದು ಇಂಥ ಹುಡುಕಾಟದಿಂದಲೇ. ಆದರೆ ಕಣ್ಗಾವಲು ಎನ್ನುವುದು ಬಹುಮಟ್ಟಿಗೆ ಸಾವು ನಡೆದ ಮೇಲೆ ಕಾರಣ ಹೇಳುವ ವ್ಯವಸ್ಥೆ. ಮರಿ ಮಾರಾಟವಾಗುವ ಮೊದಲು ತಡೆಯುವ ಅಧಿಕಾರ ಅದಕ್ಕಿಲ್ಲ.

ಪರೀಕ್ಷೆ ಎಂದ ಕೂಡಲೇ ಒಂದು ಕಾಗದ ತೋರಿಸಿ ಮುಗಿಸುವ ಚಾಳಿಯೂ ನಮ್ಮಲ್ಲಿದೆ. ಆದ್ದರಿಂದ ಒಂದು ಲೆಕ್ಕ ತಿಳಿದಿರಬೇಕು. ಒಂದು ತೊಟ್ಟಿಯಲ್ಲಿ ಲಕ್ಷ ಮರಿಗಳಿವೆ, ನೂರಕ್ಕೆ ಎರಡರಲ್ಲಿ ಸೋಂಕಿದೆ ಎಂದುಕೊಳ್ಳಿ. ಐದು ಮರಿ ಹಿಡಿದು ಪರೀಕ್ಷೆಗೆ ಕಳಿಸಿದರೆ ಐದೂ ಶುದ್ಧ ಎಂದು ಬರುವ ಸಾಧ್ಯತೆ ಶೇ 90. ಅಂದರೆ ಹತ್ತರಲ್ಲಿ ಒಂಬತ್ತು ಸಲ ಸೋಂಕಿನ ತೊಟ್ಟಿಗೆ ಒಳ್ಳೆಯ ಪ್ರಮಾಣಪತ್ರ ಸಿಗುತ್ತದೆ. 150 ಮರಿ ಹಿಡಿದರೆ ತಪ್ಪಿಸಿಕೊಳ್ಳುವ ಸಾಧ್ಯತೆ ಶೇ 5ಕ್ಕೆ ಇಳಿಯುತ್ತದೆ. ಅಷ್ಟೂ ಮರಿಗಳಿಗೆ ಬೇರೆ ಬೇರೆ ಪರೀಕ್ಷೆ ಬೇಕಿಲ್ಲ. ಐದೈದು ಮರಿಗಳನ್ನು ಒಟ್ಟು ಅರೆದು 30 ಪರೀಕ್ಷೆ ಮಾಡಿದರೆ ಆಯಿತು. ಇನ್ನೊಂದು ಮಾತು: ಚುರುಕಾಗಿ ಈಜುವ ಮರಿಗಳನ್ನು ಆರಿಸಿ ಕಳಿಸಿದರೆ ಫಲಿತಾಂಶ ಒಳ್ಳೆಯದೇ ಬರುತ್ತದೆ. ಅಂಚಿಗೆ ಬಂದ, ಮೈ ಕಪ್ಪಾದ, ಸುತ್ತುವ ಮರಿಗಳನ್ನೇ ಹುಡುಕಿ ಹಾಕಬೇಕು. ಮಾದರಿ ತೆಗೆಯುವವನು ಮಾರುವವನೇ ಆಗಿರಬಾರದು ಎನ್ನುವುದು ಇದಕ್ಕೇ.

ರೈತ ತನ್ನ ಮಟ್ಟಿಗೆ ಮಾಡಬಹುದಾದದ್ದೂ ಇದೆ, ಸ್ವಲ್ಪ. ಚೀಲವನ್ನು ಹದಿನೈದಿಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟು ಉಷ್ಣತೆ ಸರಿಹೊಂದಿಸುವುದನ್ನು ಎಲ್ಲರೂ ಮಾಡುತ್ತಾರೆ. ಆಮೇಲೆ ಚೀಲವನ್ನು ಬಗ್ಗಿಸಿ ಮರಿ, ನೀರು ಎಲ್ಲವನ್ನೂ ಕೊಳಕ್ಕೆ ಸುರಿಯುತ್ತಾರೆ. ಆ ನೀರು ಹ್ಯಾಚರಿಯ ನೀರು. ಮರಿಗಳನ್ನು ಕೈಬಲೆಯಲ್ಲಿ ಎತ್ತಿ ಬಿಟ್ಟು, ನೀರನ್ನು ಕೊಳದಿಂದ ದೂರ ಚೆಲ್ಲಿ ಬ್ಲೀಚಿಂಗ್ ಪುಡಿ ಹಾಕುವುದು ಕಷ್ಟದ ಕೆಲಸವಲ್ಲ. ಹೊಸ ಮರಿಗಳನ್ನು ಹಳೆಯ ಮೀನಿರುವ ತೊಟ್ಟಿಗೆ ನೇರವಾಗಿ ಸೇರಿಸದೆ ಎರಡು ಮೂರು ವಾರ ಬೇರೆ ಇಡಬೇಕು. ಎರಡು ಕಡೆಯ ಮರಿಗಳನ್ನು ಒಂದೇ ತೊಟ್ಟಿಗೆ ಬೆರೆಸಬಾರದು; ಬೆರೆಸಿದರೆ ರೋಗ ಯಾರ ಮರಿಯಿಂದ ಬಂತೆಂದು ಕೇಳುವ ಹಕ್ಕೂ ಹೋಗುತ್ತದೆ. ಸಾವು ಶುರುವಾದಾಗ ಸತ್ತು ನಾರುವ ಮೀನನ್ನಲ್ಲ, ಸಾಯುತ್ತಿರುವ ಮರಿಗಳನ್ನು ಪ್ರಯೋಗಾಲಯಕ್ಕೆ ಒಯ್ಯಬೇಕು. ಉಳಿದುಕೊಂಡ ಮೀನುಗಳನ್ನು ಇನ್ನೊಬ್ಬರಿಗೆ ಮರಿಯೆಂದು ಮಾರಬಾರದು, ಬದುಕಿದವು ವೈರಸ್ ಹೊತ್ತಿರುವ ಸಾಧ್ಯತೆಯಿದೆ. ತಿನ್ನುವವರಿಗೆ ಈ ವೈರಸ್ಸುಗಳಿಂದ ಅಪಾಯವಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು; ಒಂದು ಗಾಳಿಸುದ್ದಿಗೆ ಮೀನಿನ ಬೆಲೆ ಬಿದ್ದುಹೋಗುವ ಕಾಲವಿದು.

ಇದಿಷ್ಟನ್ನೂ ರೈತ ಮಾಡಿದರೂ ಮೂಲ ಹಾಗೆಯೇ ಉಳಿಯುತ್ತದೆ. ಮೂಲಕ್ಕೆ ಕೈಹಾಕಲು ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಸಹಾಯಧನ ಕೊಡುವ ಕೈಯಲ್ಲೇ ಷರತ್ತು ಹಾಕುವ ಶಕ್ತಿಯೂ ಇದೆ. ಯೋಜನೆಯಡಿ ಮರಿ ಕೊಂಡವರು ಸಲ್ಲಿಸುವ ಬಿಲ್ಲಿನಲ್ಲಿ ಹ್ಯಾಚರಿಯ ಹೆಸರು, ತೊಟ್ಟಿಯ ಸಂಖ್ಯೆ, ಪರೀಕ್ಷೆಯ ವರದಿ ಇದ್ದರೆ ಮಾತ್ರ ಮರಿಯ ಪಾಲಿನ ಹಣ ಬಿಡುಗಡೆ ಎಂದರೆ, ವರ್ಷದೊಳಗೆ ಹ್ಯಾಚರಿಗಳೇ ಪ್ರಯೋಗಾಲಯ ಹುಡುಕಿಕೊಂಡು ಹೋಗುತ್ತವೆ. ಅದರ ಜೊತೆಗೆ, ಸೋಂಕು ಪತ್ತೆಯಾಗಿ ತಾಯಿ ಮೀನನ್ನು ತೆಗೆದುಹಾಕಿದ ಹ್ಯಾಚರಿಗೆ ಪರಿಹಾರ ಕೊಡಬೇಕು. ಹಕ್ಕಿಜ್ವರ ಬಂದಾಗ ಕೊಂದ ಕೋಳಿಗೆ ಸರ್ಕಾರ ಪರಿಹಾರ ಕೊಡುವುದು ಕೋಳಿ ಸಾಕುವವರ ಮೇಲಿನ ಪ್ರೀತಿಯಿಂದಲ್ಲ, ಕೊಡದಿದ್ದರೆ ಯಾರೂ ರೋಗ ಹೇಳಿಕೊಳ್ಳುವುದಿಲ್ಲ ಎಂಬ ಕಾರಣಕ್ಕೆ. ಹತ್ತು ಕಿಲೋದ ಸೀಬಾಸ್ ತಾಯಿಗೂ ಅದೇ ನ್ಯಾಯ ಅನ್ವಯಿಸಬೇಕು. ಬಿಲ್ಲನ್ನು ಪರಿಶೀಲಿಸುವ ಅಧಿಕಾರಿ ವರದಿಯ ದಿನಾಂಕವನ್ನೂ ನೋಡಬೇಕಾಗುತ್ತದೆ. ಆರು ತಿಂಗಳ ಹಿಂದಿನ ವರದಿ ಲಗತ್ತಿಸಿದ್ದರೆ ಅದು ಬೇರೆ ಮರಿಗಳದು. ಈ ಚೀಲದಲ್ಲಿರುವವು ಆಗ ಮೊಟ್ಟೆಯೂ ಆಗಿರಲಿಲ್ಲ.